ಕಾರಣ ಯಾವುದು, ಪರಿಣಾಮ ಯಾವುದು? ಮಾಹಿತಿ ಪಾಠ ಓದುವ ಮಕ್ಕಳಿಗೆ ಕಲಿಸುವ ಬಗೆ

'ಹೊಂದಿಸಿ ಬರೆಯಿರಿ' ಎಂದು ಎರಡು ಪಟ್ಟಿ ಕೊಟ್ಟರೆ ಮಕ್ಕಳು ಪಟಪಟನೆ ಗೆರೆ ಎಳೆಯುತ್ತಾರೆ. ಮಳೆ ಜೋರಾಗಿ ಬಂತು, ಹೊಳೆ ಉಕ್ಕಿತು. ಬಿಸಿಲು ಹೆಚ್ಚಾಯಿತು, ಕೆರೆ ಬತ್ತಿತು. ಎಲ್ಲವೂ ಸರಿ. ಅದೇ ಮಕ್ಕಳ ಕೈಗೆ ಜ್ವಾಲಾಮುಖಿಯ ಬಗ್ಗೆಯೋ ಜೇನುನೊಣದ ಬಗ್ಗೆಯೋ ಬರೆದ ಎರಡು ಪುಟದ ಪಾಠ ಕೊಟ್ಟು 'ಹೀಗೇಕಾಯಿತು?' ಎಂದು ಕೇಳಿ ನೋಡಿ. ಕೆಲವರು 'ಆದ್ದರಿಂದ' ಎಂಬ ಪದ ಎಲ್ಲಿದೆಯೆಂದು ಹುಡುಕಿ ಅದರ ಪಕ್ಕದ ವಾಕ್ಯವನ್ನು ಹಾಗೇ ನಕಲು ಮಾಡುತ್ತಾರೆ. ಕೆಲವರು ಪಾಠ ಬಿಟ್ಟು ತಮಗೆ ಮೊದಲೇ ಗೊತ್ತಿದ್ದುದನ್ನು ಹೇಳುತ್ತಾರೆ. ಉಳಿದವರು ನಿಮ್ಮ ಮುಖ ನೋಡುತ್ತಾರೆ.

ಪಟ್ಟಿಯಲ್ಲಿ ಕಾರಣವನ್ನು ಎಡಕ್ಕೆ, ಪರಿಣಾಮವನ್ನು ಬಲಕ್ಕೆ ಯಾರೋ ಮೊದಲೇ ವಿಂಗಡಿಸಿ ಇಟ್ಟಿರುತ್ತಾರೆ. ನಿಜವಾದ ಗದ್ಯ ಆ ಉಪಕಾರ ಮಾಡುವುದಿಲ್ಲ. ಪರಿಣಾಮ ಮೊದಲ ಸಾಲಿನಲ್ಲೇ ಬಂದು, ಕಾರಣ ಮೂರನೇ ಪ್ಯಾರಾದಲ್ಲಿ ಕಾಣಿಸೀತು. ಒಂದೇ ಪರಿಣಾಮಕ್ಕೆ ನಾಲ್ಕು ಕಾರಣ ಇದ್ದಾವು. ಆದ್ದರಿಂದ ಮಗುವಿಗೆ ಪದ ಹುಡುಕುವುದನ್ನು ಕಲಿಸಿದರೆ ಸಾಲದು. 'ಇದಕ್ಕೂ ಅದಕ್ಕೂ ನಡುವೆ ಏನು ನಡೆಯಿತು?' ಎಂದು ತನ್ನನ್ನೇ ಕೇಳಿಕೊಳ್ಳುವುದನ್ನು ಕಲಿಸಬೇಕು. ಆರರಿಂದ ಹತ್ತು ವರ್ಷದ ಮಕ್ಕಳಿಗೆ ಇದನ್ನು ಹಂತಹಂತವಾಗಿ ಹೇಗೆ ಕಲಿಸಬಹುದೆಂದು ಮುಂದೆ ಬರೆದಿದ್ದೇನೆ. ಎಲ್ಲ ಹಂತಗಳೂ ಒಂದೇ ವಾರದಲ್ಲಿ ಮುಗಿಯುವಂಥವಲ್ಲ.

1. ಪುಸ್ತಕ ಮುಚ್ಚಿಟ್ಟು ಶುರುಮಾಡಿ

ಖಾಲಿ ಪ್ಲಾಸ್ಟಿಕ್ ಬಾಟಲಿಯ ಬಾಯಿಗೆ ಬಲೂನು ಸಿಕ್ಕಿಸಿ, ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿ. ಜೋತುಬಿದ್ದಿದ್ದ ಬಲೂನು ಮೆಲ್ಲಗೆ ಎದ್ದು ನಿಲ್ಲುತ್ತದೆ. ತಣ್ಣೀರಿಗೆ ಇಟ್ಟರೆ ಮತ್ತೆ ಕುಗ್ಗುತ್ತದೆ. (ಬಿಸಿನೀರಿನ ಕೆಲಸ ದೊಡ್ಡವರದು, ಮಕ್ಕಳದಲ್ಲ.)

ಈಗ ಎರಡು ಪ್ರಶ್ನೆ ಕೇಳಿ, ಇದೇ ಕ್ರಮದಲ್ಲಿ: 'ಏನಾಯಿತು?' ಆಮೇಲೆ 'ಏಕಾಯಿತು?' ಮೊದಲು ಪರಿಣಾಮ, ನಂತರ ಕಾರಣ. ಅನೇಕರು ಕಾರಣದಿಂದಲೇ ಪಾಠ ಆರಂಭಿಸುತ್ತಾರೆ. ಕಾಲದ ಕ್ರಮದಲ್ಲಿ ಅದೇ ಸರಿ ಎನಿಸುತ್ತದೆ. ಆದರೆ ಮಗುವಿನ ಕಣ್ಣಿಗೆ ಬೀಳುವುದು ಪರಿಣಾಮ. ಬಲೂನು ಉಬ್ಬಿದ್ದು ಕಾಣುತ್ತದೆ, ಬಾಟಲಿಯೊಳಗಿನ ಗಾಳಿ ಹಿಗ್ಗಿದ್ದು ಕಾಣುವುದಿಲ್ಲ. ಕಂಡದ್ದರಿಂದ ಕಾಣದ್ದರ ಕಡೆಗೆ ನಡೆಸುವುದು ಸುಲಭ.

'ಬಿಸಿನೀರಲ್ಲಿ ಇಟ್ಟಿದ್ದಕ್ಕೆ ಉಬ್ಬಿತು' ಎಂದು ಮಗು ಹೇಳುತ್ತದೆ. ಸರಿ ಎಂದು ಬಿಟ್ಟುಬಿಡಬೇಡಿ. 'ನೀರು ಹೊರಗಿತ್ತು, ಬಲೂನಿನೊಳಗೆ ಹೋಗಲಿಲ್ಲವಲ್ಲ. ಮತ್ತೆ ಹೇಗೆ ಉಬ್ಬಿತು?' ಎಂದು ಕೇಳಿ. ಆಗ ನಡುವಿನ ಕೊಂಡಿ ಹೊರಬರುತ್ತದೆ: ನೀರಿನ ಬಿಸಿ ಒಳಗಿನ ಗಾಳಿಗೆ ತಗುಲಿತು, ಗಾಳಿ ಹಿಗ್ಗಿತು, ಜಾಗ ಸಾಲದೆ ಬಲೂನಿಗೆ ನುಗ್ಗಿತು. ಈ 'ಹೇಗೆ' ಮುಂದಿನ ಎಲ್ಲ ಹಂತಗಳಲ್ಲೂ ಬರುತ್ತದೆ. 'ಏಕೆ' ಎಂದು ಕೇಳಿದರೆ ಮಕ್ಕಳು ಊಹಿಸಿ ಹೇಳಿಬಿಡಬಲ್ಲರು. 'ಹೇಗೆ' ಎಂದಾಗ ಯೋಚಿಸದೆ ದಾರಿಯಿಲ್ಲ.

2. ವಾಕ್ಯವನ್ನು ತಿರುಗಿಸಿ ನೋಡಿ

ಚಿಕ್ಕ ಮಕ್ಕಳು 'ಏಕೆಂದರೆ' ಬಳಸಿ ಮಾತಾಡುವಾಗ ಕಾರಣ ಪರಿಣಾಮಗಳನ್ನು ಅದಲುಬದಲು ಮಾಡುವುದುಂಟು. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ 1920ರ ದಶಕದಲ್ಲೇ ಇದನ್ನು ಗುರುತಿಸಿ ಬರೆದಿದ್ದರು. ಗಾಬರಿ ಬೇಡ, ಆದರೆ ತಿದ್ದಬೇಕು.

ಎರಡು ಚೀಟಿ ಮಾಡಿ. ಒಂದರಲ್ಲಿ 'ಎಲೆಗಳು ಬಾಡಿದವು', ಇನ್ನೊಂದರಲ್ಲಿ 'ಗಿಡಕ್ಕೆ ನೀರು ಸಿಗಲಿಲ್ಲ'. ನಡುವೆ ಇಡಲು 'ಆದ್ದರಿಂದ', 'ಏಕೆಂದರೆ' ಎಂಬ ಇನ್ನೆರಡು ಚೀಟಿ. ಮಗು ಚೀಟಿಗಳನ್ನು ಬೇಕಾದ ಹಾಗೆ ಜೋಡಿಸಿ ಗಟ್ಟಿಯಾಗಿ ಓದಲಿ. 'ಎಲೆಗಳು ಬಾಡಿದವು, ಆದ್ದರಿಂದ ಗಿಡಕ್ಕೆ ನೀರು ಸಿಗಲಿಲ್ಲ' ಎಂದು ಓದಿದ ಕೂಡಲೇ ಹೆಚ್ಚಿನ ಮಕ್ಕಳು ತಾವೇ ನಗುತ್ತಾರೆ. ನಾಲ್ಕು ಜೋಡಣೆಗಳಲ್ಲಿ ಎರಡು ಸರಿ, ಎರಡು ತಪ್ಪು ಎಂದು ಅವರೇ ಕಂಡುಕೊಳ್ಳಬೇಕು. ಕಾರಣ ಹಿಂದೆಯೂ ಬರಬಹುದು, ಮುಂದೆಯೂ ಬರಬಹುದು, ವಾಕ್ಯದಲ್ಲಿ ಮೊದಲು ಬಂದದ್ದೇ ಮೊದಲು ನಡೆದದ್ದಲ್ಲ ಎಂಬ ತಿಳಿವಳಿಕೆ ಈ ಆಟದಿಂದ ಸಿಗುತ್ತದೆ. ಓದುವಾಗ ಅದು ಬಹಳ ಕೆಲಸಕ್ಕೆ ಬರುತ್ತದೆ.

3. ಕಾಗೆ ಕೂತದ್ದು, ಕೊಂಬೆ ಮುರಿದದ್ದು

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತೇವಲ್ಲ, ಮಾಹಿತಿ ಪಾಠ ಓದುವ ಮಗುವಿಗೆ ಅತಿ ಹೆಚ್ಚು ಕಾಡುವುದು ಆ ಗೊಂದಲವೇ. ಒಂದರ ನಂತರ ಒಂದು ನಡೆದರೆ ಮೊದಲಿನದೇ ಎರಡನೆಯದಕ್ಕೆ ಕಾರಣವೆಂದು ಅನಿಸುತ್ತದೆ. ಜೀವನಚರಿತ್ರೆ, ಇತಿಹಾಸದ ಪಾಠಗಳಲ್ಲಂತೂ ಘಟನೆಗಳು ಸಾಲಾಗಿ ಬರುತ್ತವೆ. ಎಲ್ಲವೂ ಕಾರಣಗಳಂತೆ ಕಾಣುತ್ತವೆ.

ಇದಕ್ಕೊಂದು ಸರಳ ಪರೀಕ್ಷೆ ಇದೆ: 'ಅದು ಇಲ್ಲದಿದ್ದರೆ ಇದು ಆಗುತ್ತಿತ್ತೇ?' ಅಲೆಕ್ಸಾಂಡರ್ ಫ್ಲೆಮಿಂಗ್ ಅವರ ಕಥೆಯ ಮೇಲೆ ಇದನ್ನು ಪ್ರಯೋಗಿಸಿ. 1928ರಲ್ಲಿ ಅವರು ರಜೆ ಮುಗಿಸಿ ಲಂಡನ್ನಿನ ತಮ್ಮ ಪ್ರಯೋಗಾಲಯಕ್ಕೆ ಮರಳಿದರು. ಬ್ಯಾಕ್ಟೀರಿಯಾ ಬೆಳೆಸಿದ್ದ ಒಂದು ತಟ್ಟೆಯಲ್ಲಿ ಬೂಷ್ಟು ಹಿಡಿದಿತ್ತು. ಬೂಷ್ಟಿನ ಸುತ್ತ ಬ್ಯಾಕ್ಟೀರಿಯಾ ಬೆಳೆದಿರಲಿಲ್ಲ. ಪೆನಿಸಿಲಿನ್ ಗೊತ್ತಾದದ್ದು ಹೀಗೆ.

ಬೂಷ್ಟು ಇಲ್ಲದಿದ್ದರೆ ಬ್ಯಾಕ್ಟೀರಿಯಾ ಬೆಳೆಯುತ್ತಿತ್ತೇ? ಬೆಳೆಯುತ್ತಿತ್ತು. ಹಾಗಾದರೆ ಬೂಷ್ಟು ಕಾರಣ. ಫ್ಲೆಮಿಂಗ್ ಮರಳಿ ಬರದಿದ್ದರೆ? ತಟ್ಟೆಯಲ್ಲಿ ಆಗುವುದು ಆಗಿಯೇ ಇರುತ್ತಿತ್ತು, ಆದರೆ ಅದನ್ನು ನೋಡಲು ಯಾರೂ ಇರುತ್ತಿರಲಿಲ್ಲ. ಅಂದರೆ ಅವರು ಮರಳಿದ್ದು ಬ್ಯಾಕ್ಟೀರಿಯಾ ಬೆಳೆಯದಿರುವುದಕ್ಕೆ ಕಾರಣವಲ್ಲ, ಕಂಡುಹಿಡಿದದ್ದಕ್ಕೆ ಒಂದು ಕಾರಣ. ಎಂಟು ವರ್ಷದ ಮಕ್ಕಳೂ ಈ ವ್ಯತ್ಯಾಸ ಹಿಡಿಯುತ್ತಾರೆ, ಸಮಯ ಕೊಟ್ಟರೆ.

4. ಸೂಚಕ ಪದಗಳು: ಬೇಕು, ಆದರೆ ನಂಬಿ ಕೂರಬೇಡಿ

ಏಕೆಂದರೆ, ಆದ್ದರಿಂದ, ಹೀಗಾಗಿ, ಇದರಿಂದಾಗಿ, ಪರಿಣಾಮವಾಗಿ, ಫಲವಾಗಿ, ಈ ಕಾರಣದಿಂದ. ಈ ಪದಗಳನ್ನು ದೊಡ್ಡ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸುವುದು ರೂಢಿ. ಅಂಟಿಸಿ. ಪ್ರತಿ ಪದದ ಮುಂದೆ ಒಂದು ಬಾಣ ಮಾತ್ರ ಹಾಕಿ: 'ಆದ್ದರಿಂದ' ಬಂದರೆ ಕಾರಣ ಹಿಂದಿದೆ, 'ಏಕೆಂದರೆ' ಬಂದರೆ ಕಾರಣ ಮುಂದಿದೆ.

ಆದರೆ ಕನ್ನಡದಲ್ಲಿ ಕಾರಣ ಹೆಚ್ಚಾಗಿ ಅಡಗಿಕೊಳ್ಳುವುದು ಪದದ ಬಾಲದಲ್ಲಿ. 'ಬಿಸಿಲಿನಿಂದ ಬಣ್ಣ ಮಾಸಿತು' ಎಂಬಲ್ಲಿ '-ಇಂದ'. 'ಮಳೆ ಬಾರದ್ದರಿಂದ ಬೆಳೆ ಒಣಗಿತು' ಎಂಬಲ್ಲಿ '-ದರಿಂದ'. 'ಕಾಯಿಸಿದರೆ ಕರಗುತ್ತದೆ' ಎಂಬಲ್ಲಿ '-ರೆ'. 'ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ' ಎಂಬಲ್ಲಿ '-ಅಂತೆ'. 'ಬಂಡೆ ಬಿಸಿಯಾಗಿ ಬಿರುಕುಬಿಟ್ಟಿತು' ಎಂಬ ವಾಕ್ಯದಲ್ಲಿ 'ಬಿಸಿಯಾಗಿ' ಎಂಬುದೇ ಕಾರಣ. ಗೋಡೆಯ ಮೇಲಿನ ಪಟ್ಟಿಯಲ್ಲಿ ಇವು ಯಾವುವೂ ಇರುವುದಿಲ್ಲ, ಪಾಠದ ತುಂಬ ಇವೇ ಇರುತ್ತವೆ.

ಹಾಗೆಂದು '-ಇಂದ' ಕಂಡಲ್ಲೆಲ್ಲ ಗೆರೆ ಎಳೆಯಿರಿ ಎಂದರೂ ಕೆಟ್ಟಿತು. ಬೋರ್ಡಿನ ಮೇಲೆ ನಾಲ್ಕು ವಾಕ್ಯ ಬರೆಯಿರಿ:

ಸಮುದ್ರದಿಂದ ಗಾಳಿ ಬೀಸುತ್ತದೆ.
ಮರದಿಂದ ಕುರ್ಚಿ ಮಾಡುತ್ತಾರೆ.
ಬೆಳಗಿನಿಂದ ಮೋಡ ಕವಿದಿದೆ.
ಚಳಿಯಿಂದ ಕೈ ಮರಗಟ್ಟಿತು.

ನಾಲ್ಕರಲ್ಲೂ '-ಇಂದ' ಇದೆ. ಕಾರಣ ಹೇಳುವುದು ಕೊನೆಯದು ಮಾತ್ರ. ಮೊದಲನೆಯದು ಎಲ್ಲಿಂದ, ಎರಡನೆಯದು ಯಾವುದರಿಂದ, ಮೂರನೆಯದು ಯಾವಾಗಿನಿಂದ ಎಂದು ತಿಳಿಸುತ್ತದೆ. ಮಕ್ಕಳೇ ಇದನ್ನು ವಿಂಗಡಿಸಲಿ, ಆಮೇಲೆ ತಾವು ಓದುತ್ತಿರುವ ಪಾಠದಿಂದ ಇನ್ನಷ್ಟು ವಾಕ್ಯ ಹೆಕ್ಕಿ ತರಲಿ. ವ್ಯಾಕರಣದ ಹೆಸರುಗಳನ್ನು ಈಗಲೇ ಹೇಳುವ ಅಗತ್ಯವಿಲ್ಲ. ಸೂಚಕ ಕಂಡರೆ ನಿಂತು ಯೋಚಿಸಬೇಕು, ಅದು ಉತ್ತರವಲ್ಲ ಎಂಬುದಿಷ್ಟು ಗಟ್ಟಿಯಾದರೆ ಸಾಕು.

5. ಸೂಚಕವೇ ಇಲ್ಲದ ಪ್ಯಾರಾ

ನನ್ನ ಮಟ್ಟಿಗೆ ಇಡೀ ಪಾಠದ ಹೃದಯ ಇದು. ಅವಸರ ಮಾಡಬೇಡಿ. ಈ ಮೂರು ವಾಕ್ಯಗಳನ್ನು ಬೋರ್ಡಿನ ಮೇಲೆ ಬರೆಯಿರಿ:

'ನೀರು ತುಂಬಿ ಮುಚ್ಚಳ ಬಿಗಿದ ಗಾಜಿನ ಬಾಟಲಿಯನ್ನು ಫ್ರೀಜರ್‌ನಲ್ಲಿ ಇಡಬಾರದು, ಅದು ಒಡೆಯಬಹುದು. ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇ. 9ರಷ್ಟು ಹೆಚ್ಚು ಜಾಗ ತೆಗೆದುಕೊಳ್ಳುತ್ತದೆ. ಗಾಜು ಹಿಗ್ಗಿ ಜಾಗ ಕೊಡುವುದಿಲ್ಲ.'

ಇಲ್ಲಿ 'ಆದ್ದರಿಂದ' ಇಲ್ಲ, 'ಏಕೆಂದರೆ' ಇಲ್ಲ. ಪರಿಣಾಮ ಮೊದಲ ವಾಕ್ಯದಲ್ಲೇ ಬಂದುಬಿಟ್ಟಿದೆ. ಕಾರಣ ಎರಡು ವಾಕ್ಯಗಳಲ್ಲಿ ಹಂಚಿಹೋಗಿದೆ, ಒಂದನ್ನೇ ಹಿಡಿದರೆ ಪೂರ್ತಿಯಾಗುವುದಿಲ್ಲ. ನೀವು ಮೊದಲು ಬಾಯಿಬಿಟ್ಟು ಯೋಚಿಸಿ ತೋರಿಸಿ, ಹೀಗೆ:

'ಒಡೆಯಬಹುದು ಅಂತ ಬರೆದಿದ್ದಾರೆ. ಅದು ಏನಾಗುತ್ತದೆ ಅನ್ನುವ ಮಾತು. ಏಕೆ ಅಂತ ಆ ವಾಕ್ಯದಲ್ಲಿಲ್ಲ. ಮುಂದೆ ಓದೋಣ. ನೀರಿಗೆ ಹೆಚ್ಚು ಜಾಗ ಬೇಕಂತೆ. ಸರಿ, ಬೇಕಾದರೆ ಬಾಟಲಿಯೇ ಯಾಕೆ ಒಡೆಯಬೇಕು? ಬಲೂನಿನಲ್ಲಿ ನೀರಿಟ್ಟರೆ ಅದು ಹಿಗ್ಗಿಕೊಳ್ಳುತ್ತಿತ್ತಲ್ಲ. ಓಹೋ, ಮೂರನೇ ವಾಕ್ಯ ಅದಕ್ಕೇ ಇದೆ. ಗಾಜು ಹಿಗ್ಗುವುದಿಲ್ಲ. ಒಳಗಿನದು ದೊಡ್ಡದಾಯಿತು, ಹೊರಗಿನದು ಜಾಗ ಬಿಡಲಿಲ್ಲ, ಒತ್ತಡ ತಡೆಯದೆ ಒಡೆಯಿತು.'

ನಿಮ್ಮ ತಲೆಯಲ್ಲಿ ಓದುವಾಗ ನಡೆಯುವ ಇಂಥ ಮಾತುಕತೆ ಮಗುವಿಗೆ ಕೇಳಿಸುವುದಿಲ್ಲ. ಕೇಳಿಸಿದರೆ ಅನುಕರಿಸುತ್ತದೆ. ಎರಡು ಮೂರು ಪ್ಯಾರಾಗಳ ಮೇಲೆ ಹೀಗೆ ಮಾಡಿ ತೋರಿಸಿದ ಮೇಲೆ, ಮುಂದಿನದನ್ನು ಮಕ್ಕಳು ಜೋಡಿಯಾಗಿ ಕೂತು ಮಾಡಲಿ. ಕೊನೆಗೆ ಪ್ರತಿ ಜೋಡಿಯೂ ಲೇಖಕರು ಬರೆಯದೆ ಬಿಟ್ಟ ಒಂದು ಕೊಂಡಿ ವಾಕ್ಯವನ್ನು ತಾವೇ ಬರೆಯಬೇಕು. ಮೇಲಿನ ಉದಾಹರಣೆಯಲ್ಲಿ ಆ ವಾಕ್ಯ 'ಮಂಜುಗಡ್ಡೆ ಗಾಜನ್ನು ಒಳಗಿನಿಂದ ತಳ್ಳುತ್ತದೆ' ಎಂದಿರಬಹುದು. ಪಾಠದಲ್ಲಿ ಈ ಮಾತು ಎಲ್ಲೂ ಇಲ್ಲ. ಅರ್ಥವಾಗದೆ ಬರೆಯಲೂ ಆಗುವುದಿಲ್ಲ.

6. ಸರಪಳಿ ಹೆಣೆಯುವುದು

ಒಂದು ಕಾರಣ, ಒಂದು ಪರಿಣಾಮ ರೂಢಿಯಾದ ಮೇಲೆ, ಒಂದರ ಪರಿಣಾಮವೇ ಇನ್ನೊಂದರ ಕಾರಣವಾಗುವ ಪಾಠ ಆರಿಸಿ. ತಂಬೋರಾ ಜ್ವಾಲಾಮುಖಿಯ ಕಥೆ ಇದಕ್ಕೆ ಹೇಳಿ ಮಾಡಿಸಿದಂತಿದೆ.

1815ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ಸುಂಬಾವಾ ದ್ವೀಪದ ತಂಬೋರಾ ಪರ್ವತ ಸಿಡಿಯಿತು. ಬೂದಿಯ ಜತೆ ಗಂಧಕದ ಅನಿಲವೂ ವಾತಾವರಣದ ಬಹು ಎತ್ತರಕ್ಕೆ ಚಿಮ್ಮಿತು. ಆ ಅನಿಲದಿಂದ ಹುಟ್ಟಿದ ಸೂಕ್ಷ್ಮ ಕಣಗಳು ಜಗತ್ತಿನ ಸುತ್ತ ಹರಡಿ ಸೂರ್ಯನ ಬೆಳಕಿನ ಒಂದಂಶವನ್ನು ಹಿಂದಕ್ಕೆ ಕಳಿಸಿದವು. ಭೂಮಿ ತಂಪಾಯಿತು. 1816ರ ಜೂನ್‌ನಲ್ಲಿ ಅಮೆರಿಕದ ಈಶಾನ್ಯ ಭಾಗದಲ್ಲಿ ಹಿಮ ಬಿತ್ತು. ಯುರೋಪಿನಲ್ಲಿ ಚಳಿ, ಬಿಡದ ಮಳೆ. ಬೆಳೆ ಕೈಕೊಟ್ಟಿತು, ಧಾನ್ಯದ ಬೆಲೆ ಏರಿತು, ಜನ ಹಸಿದರು. ಆ ವರ್ಷಕ್ಕೆ 'ಬೇಸಿಗೆಯಿಲ್ಲದ ವರ್ಷ' ಎಂಬ ಹೆಸರೇ ಬಿದ್ದಿತು.

ಪ್ರತಿ ಘಟನೆಯನ್ನೂ ಒಂದೊಂದು ಚೀಟಿಯಲ್ಲಿ ಬರೆದು ಕಲಸಿ ಕೊಡಿ. ಮಕ್ಕಳು ನೆಲದ ಮೇಲೆ ಜೋಡಿಸಲಿ, ನಡುವೆ ಸೀಮೆಸುಣ್ಣದಿಂದ ಬಾಣ ಎಳೆಯಲಿ. ಬಾಣ ಎಳೆದರೆ ಮುಗಿಯಲಿಲ್ಲ. ಅದರ ಮೇಲೆ 'ಹೇಗೆ' ಎಂಬುದಕ್ಕೆ ಎರಡು ಮೂರು ಪದದ ಉತ್ತರ ಬರೆಯಬೇಕು. 'ಕಣಗಳು ಹರಡಿದವು' ಎಂಬುದರಿಂದ 'ಭೂಮಿ ತಂಪಾಯಿತು' ಎಂಬುದಕ್ಕೆ ಹೋಗುವ ಬಾಣದ ಮೇಲೆ 'ಬಿಸಿಲು ಕಡಿಮೆ'. ಉತ್ತರ ಬರೆಯಲಾಗದ ಬಾಣ ಕಂಡರೆ, ಒಂದೋ ನಡುವಿನ ಚೀಟಿ ತಪ್ಪಿದೆ, ಇಲ್ಲವೇ ಅಲ್ಲಿ ಕಾರಣದ ನಂಟೇ ಇಲ್ಲ.

ಆಮೇಲೆ ನಡುವಿನ ಒಂದು ಚೀಟಿ ಎತ್ತಿಟ್ಟುಕೊಂಡು 'ಇದು ಆಗದೇ ಇದ್ದಿದ್ದರೆ ಮುಂದಿನದರಲ್ಲಿ ಯಾವುದು ಉಳಿಯುತ್ತಿತ್ತು?' ಎಂದು ಕೇಳಿ. ಮೂರನೇ ಹಂತದ ಪರೀಕ್ಷೆಯೇ ಇದು, ಈಗ ಸರಪಳಿಯ ಮೇಲೆ. ಇನ್ನೊಂದು ವಿಷಯ: ಸರಪಳಿಯ ಎರಡು ತುದಿಗಳನ್ನು ಮಾತ್ರ ಹಿಡಿದು 'ಜ್ವಾಲಾಮುಖಿ ಸಿಡಿದದ್ದಕ್ಕೆ ಬೆಲೆ ಏರಿತು' ಎಂದು ಬರೆದ ಉತ್ತರ ತಪ್ಪಲ್ಲ, ಅಪೂರ್ಣ. ಅದಕ್ಕೆ ಕೆಂಪು ಗೆರೆ ಹಾಕುವ ಬದಲು 'ನಡುವೆ?' ಎಂದು ಬರೆದು ಹಿಂದಕ್ಕೆ ಕೊಡಿ.

7. ಒಂದಕ್ಕೇ ಹಲವು ಕಾರಣ

ಟೈಟಾನಿಕ್ ಹಡಗು ಮಕ್ಕಳಿಗೆ ಇಷ್ಟದ ವಿಷಯ. 'ಏಕೆ ಅಷ್ಟು ಜನ ಸತ್ತರು?' ಎಂದರೆ 'ಹಿಮಬಂಡೆಗೆ ಗುದ್ದಿತು' ಎಂಬ ಉತ್ತರ ತಕ್ಷಣ ಬರುತ್ತದೆ. ಇಲ್ಲಿ ಎರಡು ಬೇರೆಬೇರೆ ಪರಿಣಾಮಗಳಿವೆ ಎಂದು ತೋರಿಸಿ. ಹಡಗು ಮುಳುಗಿದ್ದು ಒಂದು, 1,500ಕ್ಕೂ ಹೆಚ್ಚು ಜನ ಸತ್ತದ್ದು ಇನ್ನೊಂದು.

ಮೊದಲನೆಯದಕ್ಕೆ ಕಾರಣ 1912ರ ಏಪ್ರಿಲ್ 14ರ ರಾತ್ರಿಯ ಡಿಕ್ಕಿ, ನಂತರ ಒಳಗೆ ನುಗ್ಗಿದ ನೀರು. ಎರಡನೆಯದಕ್ಕೆ ಅದೂ ಕಾರಣ, ಜತೆಗೆ ಬೇರೆಯವೂ ಇವೆ. ಹಡಗಿನಲ್ಲಿ ಸುಮಾರು 2,200 ಜನರಿದ್ದರು, ರಕ್ಷಣಾ ದೋಣಿಗಳಲ್ಲಿ ಇದ್ದ ಜಾಗ 1,178 ಮಂದಿಗೆ. ಮೊದಮೊದಲು ಇಳಿಸಿದ ದೋಣಿಗಳು ತುಂಬುವ ಮೊದಲೇ ಹೊರಟವು. ಸಮುದ್ರದ ನೀರು ಕೊರೆಯುವಷ್ಟು ತಣ್ಣಗಿತ್ತು. ಬೋರ್ಡಿನ ನಡುವೆ ಪರಿಣಾಮ ಬರೆದು, ಸುತ್ತ ಕಾರಣಗಳನ್ನು ಬರೆದು, ಎಲ್ಲ ಬಾಣಗಳನ್ನೂ ಒಳಮುಖವಾಗಿ ಎಳೆಯಿರಿ. 'ದೋಣಿ ಸಾಕಷ್ಟಿದ್ದಿದ್ದರೆ ಹಡಗು ಮುಳುಗುತ್ತಿರಲಿಲ್ಲವೇ?' ಎಂದು ಕೇಳಿದಾಗ ಬರುವ ವಾದವಿವಾದ ಯಾವ ಅಭ್ಯಾಸಪುಸ್ತಕದಲ್ಲೂ ಸಿಗದು. ಸಾವಿನ ವಿಷಯ ಕೇಳಿ ಹೆದರುವ ಮಕ್ಕಳಿದ್ದರೆ ಬೇರೆ ಪಾಠ ಆರಿಸಿಕೊಳ್ಳಿ. ಸಸಿ ಏಕೆ ಸೊರಗಿತು ಎಂಬುದಕ್ಕೂ ನಾಲ್ಕು ಕಾರಣ ಹುಡುಕಬಹುದು.

8. ಗೊತ್ತಿರುವುದೇ ಅಡ್ಡ ಬಂದಾಗ

ಬೇಸಿಗೆಯಲ್ಲಿ ಸೆಕೆ ಏಕೆ? 'ಭೂಮಿ ಸೂರ್ಯನ ಹತ್ತಿರ ಹೋಗುತ್ತದೆ.' ಮಕ್ಕಳೇಕೆ, ಎಷ್ಟೋ ದೊಡ್ಡವರೂ ಹೀಗೇ ಹೇಳುತ್ತಾರೆ. ಪಾಠದಲ್ಲಿ ಭೂಮಿಯ ಅಕ್ಷ ಸುಮಾರು 23.5 ಡಿಗ್ರಿ ಓರೆಯಾಗಿರುವುದೇ ಋತುಗಳಿಗೆ ಕಾರಣವೆಂದು ಸ್ಪಷ್ಟವಾಗಿ ಬರೆದಿದ್ದರೂ, ಓದಿ ಮುಗಿಸಿದ ಮಗು ಮತ್ತೆ 'ಹತ್ತಿರ ಹೋಗುತ್ತದೆ' ಎನ್ನುತ್ತದೆ. ಓದಲು ಬಾರದೆ ಅಲ್ಲ. ತಲೆಯಲ್ಲಿರುವ ಉತ್ತರ ನಂಬುವ ಹಾಗಿದೆ, ಅದಕ್ಕೇ.

ಇಂಥಲ್ಲಿ ಎರಡು ಅಂಕಣ ಮಾಡಿಸಿ: 'ನಾನು ಅಂದುಕೊಂಡದ್ದು', 'ಪಾಠ ಹೇಳಿದ್ದು'. ಓದುವ ಮೊದಲು ಮೊದಲನೆಯದು ತುಂಬಬೇಕು. ಓದಿದ ಮೇಲೆ ಎರಡನೆಯದು ತುಂಬಬೇಕು, ಅದಕ್ಕೆ ಆಧಾರವಾದ ವಾಕ್ಯದ ಮೇಲೆ ಬೆರಳಿಟ್ಟು ತೋರಿಸಬೇಕು. ಎರಡೂ ಹೊಂದದಿದ್ದರೆ ವಿಷಯ ಇನ್ನೂ ಸ್ವಾರಸ್ಯವಾಯಿತು. ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿಯ ಆರಂಭದಲ್ಲಿ, ಉತ್ತರಾರ್ಧ ಗೋಳದಲ್ಲಿ ಆಗ ಚಳಿಗಾಲ. ದೂರವೇ ಕಾರಣವಾಗಿದ್ದರೆ ಹೀಗಾಗುತ್ತಿತ್ತೇ ಎಂದು ಕೇಳಿ ಸುಮ್ಮನಿರಿ.

ಇದರ ಇನ್ನೊಂದು ರೂಪ, ಉದ್ದೇಶವನ್ನೇ ಕಾರಣವೆಂದು ತಿಳಿಯುವುದು. 'ಮಳೆ ಏಕೆ ಬರುತ್ತದೆ?' 'ಗಿಡಗಳಿಗೆ ನೀರು ಬೇಕಲ್ಲ, ಅದಕ್ಕೆ.' ಮೋಡಕ್ಕೆ ಗಿಡದ ಚಿಂತೆ ಇಲ್ಲ. ಹನಿಗಳು ಕೂಡಿ ಭಾರವಾಗಿ ಬೀಳುತ್ತವೆ. ಮನುಷ್ಯರು ಮಾಡುವ ಕೆಲಸಕ್ಕೆ 'ಯಾವ ಉದ್ದೇಶಕ್ಕೆ' ಎಂದು ಕೇಳಬಹುದು, ಪ್ರಕೃತಿಯಲ್ಲಿ ನಡೆಯುವುದಕ್ಕೆ 'ಏನು ನಡೆದು ಹೀಗಾಯಿತು' ಎಂದು ಕೇಳಬೇಕು. ನೀವೂ ಪ್ರಶ್ನೆಯನ್ನು ಹಾಗೇ ರೂಪಿಸಿದರೆ ಅರ್ಧ ಗೊಂದಲ ತಪ್ಪುತ್ತದೆ.

9. ಕಲಿತಿದ್ದಾರೆಯೇ ಎಂದು ತಿಳಿಯುವುದು

ಬಿಟ್ಟ ಸ್ಥಳ ತುಂಬಿಸುವುದರಿಂದ ಇದು ಗೊತ್ತಾಗುವುದಿಲ್ಲ. ಮಗು ಹಿಂದೆ ನೋಡಿರದ, ಆರೇಳು ವಾಕ್ಯದ ಹೊಸ ಪ್ಯಾರಾ ಕೊಡಿ. ಸೂಚಕ ಪದ ಒಂದೋ ಎರಡೋ ಇರಲಿ, ಅದರಲ್ಲೊಂದು ಕಾರಣವನ್ನೇ ಹೇಳದ '-ಇಂದ' ಆಗಿರಲಿ. ಮೂರು ಕೆಲಸ ಕೇಳಿ: ಏನಾಯಿತು ಎಂದು ಒಂದು ವಾಕ್ಯದಲ್ಲಿ ಹೇಳುವುದು, ಏಕಾಯಿತು ಎಂಬುದಕ್ಕೆ ಪಾಠದ ಯಾವ ಸಾಲು ಆಧಾರ ಎಂದು ತೋರಿಸುವುದು, ನಡುವೆ ಏನು ನಡೆಯಿತು ಎಂದು ಸ್ವಂತ ಮಾತಿನಲ್ಲಿ ವಿವರಿಸುವುದು. ಮೊದಲೆರಡು ಬಂದು ಮೂರನೆಯದು ಬರದಿದ್ದರೆ ಐದನೇ ಹಂತಕ್ಕೆ ಮರಳಿ. ಎರಡನೆಯದೇ ಬರದಿದ್ದರೆ ಸಮಸ್ಯೆ ತರ್ಕದ್ದೋ ಓದಿನದ್ದೋ ಎಂದು ಮೊದಲು ನೋಡಿ.

ಅಕ್ಷರ ಕೂಡಿಸಿ ಓದುವುದರಲ್ಲೇ ಹೆಣಗುವ ಮಗುವಿಗೆ ಅದೇ ಪ್ಯಾರಾವನ್ನು ನೀವು ಗಟ್ಟಿಯಾಗಿ ಓದಿ ಹೇಳಿ, ಉತ್ತರವನ್ನೂ ಬಾಯಲ್ಲೇ ಕೇಳಿ. ಕೇಳಿದಾಗ ಸರಿಯಾಗಿ ಹೇಳುವ ಮಗುವಿಗೆ ಕಾರಣ ಪರಿಣಾಮ ಗೊತ್ತಿದೆ, ಅದಕ್ಕೆ ಬೇಕಿರುವುದು ಓದಿನ ಅಭ್ಯಾಸ. ಚಿತ್ರ ಬಿಡಿಸಿ, ಬಾಣ ಎಳೆದು ಉತ್ತರಿಸಿದರೂ ಒಪ್ಪಿಕೊಳ್ಳಿ, ಬಾಣದ ಮೇಲಿನ 'ಹೇಗೆ' ಒಂದನ್ನು ಮಾತ್ರ ಬಿಡಬೇಡಿ.